ನಮ್ಮ ಪಾರ್ಕು ಯಾಕಿಷ್ಟು ಎತ್ತರ?

ಕಳೆದ ವಾರ ಸಂಜೆ ಒಂದೇ ತಾಸು ಮಳೆ. ನಮ್ಮ ಬೀದೀಲಿ ಮೊಣಕಾಲುದ್ದ ನೀರು. ತಗ್ಗಿನಲ್ಲಿರೋ ಇಸ್ತ್ರಿ ಅಂಗಡಿಯವರು ಗಿರಾಕಿಗಳ ಬಟ್ಟೆಗಂಟು ತಲೆ ಮೇಲೆ ಹೊತ್ತು ನಿಂತಿದ್ರು. ಎದುರಿಗೇ ಒಂದೆಕರೆ ಪಾರ್ಕು. ಅದರೊಳಗೆ ಹನಿ ನೀರೂ ನಿಂತಿರಲಿಲ್ಲ. ರಸ್ತೆಗಿಂತ ಎರಡಡಿ ಎತ್ತರ, ಸುತ್ತ ಕಾಂಪೌಂಡು, ಒಳಗೆಲ್ಲ ಟೈಲ್ಸು. ಅಲ್ಲಿ ಬಿದ್ದ ಮಳೆಯೂ ಗೇಟಿನಿಂದಿಳಿದು ಬೀದಿಗೇ ಬರ್ತಿತ್ತು!

ನಮ್ಮೂರಲ್ಲಿ ಯಾರಾದ್ರೂ ತೋಟ ಹೀಗೆ ಮಾಡಿದ್ರೆ ಊರೇ ನಗ್ತಿತ್ತು. ಅಪ್ಪ ಮುಂಗಾರಿಗೆ ಮುಂಚೆ ಗುದ್ದಲಿ ಹಿಡಿದು ಬದು ಸರಿಮಾಡ್ತಿದ್ರು. ಮೇಲಿನ ಹೊಲದ ನೀರೂ ನಮ್ಮಲ್ಲೇ ಇಂಗಲಿ ಅನ್ನೋ ಆಸೆ ಅವರದು. ಅದಕ್ಕೆ ಬಿಇ ಬೇಕಿರಲಿಲ್ಲ.

ಬಿಇ ಮಾಡಿದ ನಾನು ಲೆಕ್ಕನಾದ್ರೂ ಹಾಕ್ತೀನಿ. 50 ಮಿಲಿಮೀಟರ್ ಮಳೆ ಅಂದ್ರೆ ಎಕರೆಗೆ ಸುಮಾರು 2 ಲಕ್ಷ ಲೀಟರ್. ಪಾರ್ಕಿನ ಕಾಲುಭಾಗವನ್ನ ರಸ್ತೆಗಿಂತ ಎರಡಡಿ ತಗ್ಗಿಸಿದ್ರೆ 6 ಲಕ್ಷ ಲೀಟರ್ ಹಿಡಿಯುತ್ತೆ. ತನ್ನ ಮಳೆಯ ಜೊತೆಗೆ ಸುತ್ತಲಿನ ಎರಡೆಕರೆಯದ್ದೂ. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ನೂರು ಟ್ಯಾಂಕರ್ ಸ್ವಾಮೀ. ಬಿಸಿಲು ಬಿದ್ದ ದಿನ ಮಕ್ಕಳು ಅಲ್ಲೇ ಕ್ರಿಕೆಟ್ ಆಡಬಹುದು.

ಇದೇನೂ ಕನಸಲ್ಲ. ಬ್ಯಾಂಕಾಕಿನಲ್ಲಿ ಕೊಚಕಾರ್ನ್ ವೋರಾಕೋಮ್ ಅನ್ನೋ ಹೆಣ್ಣುಮಗಳು ವಿನ್ಯಾಸ ಮಾಡಿದ ಚುಲಾಲಾಂಗ್‌ಕಾರ್ನ್ ಶತಮಾನೋತ್ಸವ ಪಾರ್ಕು 2017ರಲ್ಲೇ ತೆರೆಯಿತು. ಇಡೀ ಪಾರ್ಕನ್ನೇ ಓರೆ ಮಾಡಿದ್ದಾರೆ. ನೀರು ಹರಿದು ಕೆಳಗಿನ ಕೊಳ ಸೇರುತ್ತೆ. ಅಷ್ಟು ದೂರ ಯಾಕೆ, ನಮ್ಮ ಕಬ್ಬನ್ ಪಾರ್ಕಿನಲ್ಲೇ ಮಣ್ಣು ವಡ್ಡರು ಹಳೇ ಬಾವಿಗಳ ಹೂಳೆತ್ತಿ, ಇಂಗುಬಾವಿ ತೋಡಿಕೊಟ್ಟಿದ್ದಾರೆ.

ಇದನ್ನೆಲ್ಲ ಹೇಳಿದ್ದಕ್ಕೆ ಒಬ್ಬ ಅಧಿಕಾರಿ, 'ಸೊಳ್ಳೆ ಆಗುತ್ತೆ ಸಾರ್' ಅಂದ್ರು. ಮೊಟ್ಟೆ ಸೊಳ್ಳೆಯಾಗೋಕೆ ಹೆಚ್ಚುಕಮ್ಮಿ ಒಂದು ವಾರ ಬೇಕು. ತಗ್ಗಿನಲ್ಲಿ ಇಂಗುಬಾವಿ ತೋಡಿ, ಜಲ್ಲಿ ಮರಳು ಹಾಕಿ, ಎರಡು ದಿನದಲ್ಲಿ ನೀರು ಖಾಲಿಯಾಗೋ ಹಾಗೆ ಮಾಡಿದ್ರೆ ಸೊಳ್ಳೆ ಎಲ್ಲಿ? ಕೊಳಚೆ ಸೇರುತ್ತೆ ಅನ್ನೋದು ಮಾತ್ರ ನಿಜವಾದ ತಕರಾರು. ಮಳೆಕಾಲುವೆಗೆ ಒಳಚರಂಡಿ ಜೋಡಿಸಿರೋ ಕಡೆ ಅದನ್ನ ಬಿಡಿಸದೆ ಪಾರ್ಕಿಗೆ ನೀರು ತಿರುಗಿಸಿದ್ರೆ ಅಂತರ್ಜಲವೂ ಹಾಳು. ಆದರೆ ಅದನ್ನ ಬಿಡಿಸಬೇಕಾದವರು ಯಾರು, ನಾನಾ?

2024ರ ಮಾರ್ಚಿನಲ್ಲಿ ಕುಡಿಯೋ ನೀರಲ್ಲಿ ಕಾರು ತೊಳೆದ್ರೆ, ಗಿಡಕ್ಕೆ ಹಾಕಿದ್ರೆ 5,000 ರೂಪಾಯಿ ದಂಡ ಅಂದ್ರು. ಮಳೆ ನೀರನ್ನ ಮೋರಿಗೆ ತಳ್ಳೋ ಪಾರ್ಕು ಕಟ್ಟಿದವರಿಗೆ ಎಷ್ಟು ದಂಡ?

ಮುಂದಿನ ತಿಂಗಳು ನಮ್ಮ ಪಾರ್ಕಿಗೆ ಹೊಸ ಟೈಲ್ಸ್ ಬರುತ್ತಂತೆ. ಹಳೇದು ಇನ್ನೂ ಚೆನ್ನಾಗೇ ಇದೆ.