ಎನ್‌ಪಿಎಸ್ ಕಟ್ಟಿದ್ರೆ ಟ್ಯಾಕ್ಸ್ ಉಳಿಯುತ್ತಾ? ಅಂಗಡಿಯವರು ಮೊದಲು ಈ ಲೆಕ್ಕ ನೋಡಿ

ಪೇಟೆಯಲ್ಲಿ ಈಗಲೂ ಒಂದು ಮಾತು ಓಡಾಡ್ತಿದೆ: ‘ಎನ್‌ಪಿಎಸ್‌ಗೆ 50 ಸಾವಿರ ಹಾಕಿ, ಅಷ್ಟು ಆದಾಯದಲ್ಲಿ ಕಳೆದುಹೋಗುತ್ತೆ.’ ಹಳೆ ತೆರಿಗೆ ಪದ್ಧತಿಯಲ್ಲಿ ಇದು ನಿಜ. ಆದರೆ 2023-24ರಿಂದ ನಾವು ಏನೂ ಆಯ್ಕೆ ಮಾಡದಿದ್ದರೆ ತಾನಾಗಿಯೇ ಅನ್ವಯವಾಗುವುದು ಹೊಸ ಪದ್ಧತಿ. ಅದರಲ್ಲಿ ನಾವು ಸ್ವಂತ ಜೇಬಿನಿಂದ ಕಟ್ಟಿದ ಪಿಂಚಣಿ ಹಣಕ್ಕೆ ಒಂದು ರೂಪಾಯಿ ಕಡಿತವೂ ಇಲ್ಲ.

ಲಾಭ 12 ಲಕ್ಷದೊಳಗಿದ್ದರೆ ಇದರಿಂದ ನಷ್ಟವೇನಿಲ್ಲ. 2025-26ನೇ ಸಾಲಿನಿಂದ ಹೊಸ ಪದ್ಧತಿಯಲ್ಲಿ 87ಎ ರಿಯಾಯಿತಿ 60 ಸಾವಿರಕ್ಕೆ ಏರಿರುವುದರಿಂದ ವ್ಯಾಪಾರದ ಆದಾಯಕ್ಕೆ ತೆರಿಗೆ ಸೊನ್ನೆಯಾಗುತ್ತೆ. ಪೆಟ್ಟು ಬೀಳುವುದು ಗಡಿ ಸ್ವಲ್ಪ ದಾಟಿದವರಿಗೆ.

ಒಂದು ಹಾರ್ಡ್‌ವೇರ್ ಅಂಗಡಿಯ ವರ್ಷದ ಲಾಭ 12.40 ಲಕ್ಷ ಅಂತಿಟ್ಟುಕೊಳ್ಳಿ. ಮಾಲೀಕರು ಎನ್‌ಪಿಎಸ್‌ಗೆ 50 ಸಾವಿರ ಹಾಕಿ, ‘11.90 ಆಯ್ತು, ಟ್ಯಾಕ್ಸ್ ಇಲ್ಲ’ ಅಂತ ನಿರಾಳವಾಗಿದ್ದಾರೆ. ಇಲಾಖೆ ನೋಡುವುದು ಮಾತ್ರ ಪೂರ್ತಿ 12.40 ಲಕ್ಷವನ್ನೇ. ಸ್ಲ್ಯಾಬ್ ಪ್ರಕಾರ ತೆರಿಗೆ 66 ಸಾವಿರ. ಗಡಿ ದಾಟಿದ ಮೊತ್ತಕ್ಕಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ ಎಂಬ ನಿಯಮದಿಂದ ಅದು 40 ಸಾವಿರಕ್ಕೆ ಇಳಿಯುತ್ತೆ. ಶೇ 4ರ ಸೆಸ್ ಸೇರಿ 41,600 ರೂಪಾಯಿ ಕಟ್ಟಬೇಕು.

ಹಾಗಾದ್ರೆ ಹಳೆ ಪದ್ಧತಿಗೆ ಹೋದ್ರೆ? ಇದೇ ಅಂಗಡಿಗೆ ಎಲ್‌ಐಸಿ, ಪಿಪಿಎಫ್ ಎಲ್ಲಾ ಸೇರಿ 80ಸಿಯ ಪೂರ್ತಿ 1.5 ಲಕ್ಷ, ಮೇಲೆ ಎನ್‌ಪಿಎಸ್‌ನ 50 ಸಾವಿರ ಕಳೆದರೂ 10.40 ಲಕ್ಷ ಉಳಿಯುತ್ತೆ. ಅದಕ್ಕೆ ತೆರಿಗೆ 1,29,480! ಮೂರು ಪಟ್ಟಿಗಿಂತ ಜಾಸ್ತಿ. ಇಷ್ಟರ ಮೇಲೆ ವ್ಯಾಪಾರದ ಆದಾಯ ಇರುವವರು 10-ಐಇಎ ಫಾರಂ ಹಾಕಿ ಹಳೆಯದಕ್ಕೆ ಹೋದರೆ ಹೊಸದಕ್ಕೆ ವಾಪಸ್ ಬರಲು ಸಿಗುವುದು ಒಂದೇ ಅವಕಾಶ. ಸಂಬಳದವರ ಹಾಗೆ ವರ್ಷಕ್ಕೊಮ್ಮೆ ಬದಲಾಯಿಸೋಕೆ ಆಗಲ್ಲ.

ಮನೆಯಲ್ಲಿ ಎನ್‌ಪಿಎಸ್ ಇರುವ ಸರ್ಕಾರಿ ನೌಕರರಿದ್ದರೆ ಅವರ ಲೆಕ್ಕವೇ ಬೇರೆ. ಮೂಲ ವೇತನ ಮತ್ತು ಡಿಎ ಸೇರಿ ತಿಂಗಳಿಗೆ 60 ಸಾವಿರ ಇದ್ದು, ಸರ್ಕಾರ ಶೇ 14 ಕಟ್ಟುತ್ತಿದ್ದರೆ ಅದು ವರ್ಷಕ್ಕೆ 1,00,800 ರೂಪಾಯಿ. ಈ ಹಣ ಕೈಗೆ ಬರದಿದ್ದರೂ ಮೊದಲು ಒಟ್ಟು ಸಂಬಳಕ್ಕೆ ಸೇರಿಸಬೇಕು, ಆಮೇಲೆ 80ಸಿಸಿಡಿ(2)ರಲ್ಲಿ ಕಳೆಯಬೇಕು. ಹೊಸ ಪದ್ಧತಿಯಲ್ಲೂ ಈ ಕಡಿತ ಉಂಟು. ನೌಕರರ ಸ್ವಂತ ಪಾಲು ಶೇ 10, ಅಂದರೆ ವರ್ಷದ 72 ಸಾವಿರ, ಅದಕ್ಕೆ ಮಾತ್ರ ಇಲ್ಲ. ಅಂಗಡಿ ಮಾಲೀಕರಿಗೆ ಮೇಲೊಬ್ಬ ಮಾಲೀಕ ಇಲ್ಲವಲ್ಲ, ಹಾಗಾಗಿ ಈ ಬಾಗಿಲು ಅವರಿಗೆ ತೆರೆಯುವುದೇ ಇಲ್ಲ.

ಸಣ್ಣ ವ್ಯಾಪಾರಿಗಳ ಪ್ರಶ್ನೆ ಬಹುತೇಕ ಅಟಲ್ ಪಿಂಚಣಿಯದ್ದು. 18ನೇ ವಯಸ್ಸಿಗೆ ಸೇರಿದರೆ ತಿಂಗಳಿಗೆ 210, 40ಕ್ಕೆ ಸೇರಿದರೆ 1,454 ರೂಪಾಯಿ. 60 ದಾಟಿದ ಮೇಲೆ 5 ಸಾವಿರ ಪಿಂಚಣಿ. 2022ರ ಅಕ್ಟೋಬರ್ 1ರಿಂದ ಆದಾಯ ತೆರಿಗೆದಾರರು ಹೊಸದಾಗಿ ಸೇರುವಂತಿಲ್ಲ. ಸೇರುವ ದಿನಕ್ಕೆ ತೆರಿಗೆದಾರರಾಗಿದ್ದರು ಅಂತ ಆಮೇಲೆ ಗೊತ್ತಾದರೆ ಖಾತೆ ಮುಚ್ಚಿ, ಅಲ್ಲಿವರೆಗೆ ಜಮೆಯಾದದ್ದನ್ನು ವಾಪಸ್ ಕೊಡ್ತಾರೆ. ಅದಕ್ಕಿಂತ ಮೊದಲೇ ಸೇರಿದವರಿಗೆ ತೊಂದರೆ ಇಲ್ಲ.

ಸಾಲಕ್ಕೆ ಬೇಕು ಅಂತ ರಿಟರ್ನ್ ಹಾಕಿದ ಎಷ್ಟೋ ಜನ ‘ನಮಗೆ ಅಟಲ್ ಸಿಗಲ್ಲ’ ಅಂದುಕೊಂಡು ಬ್ಯಾಂಕಿಗೇ ಹೋಗಲ್ಲ. ನಿಯಮದಲ್ಲಿರುವುದು ‘ತೆರಿಗೆ ಕಟ್ಟಬೇಕಾದವರು’ ಅಂತ, ‘ರಿಟರ್ನ್ ಹಾಕಿದವರು’ ಅಂತಲ್ಲ. ಆದಾಯ ತೆರಿಗೆ ಮಿತಿಗಿಂತ ಕೆಳಗಿದ್ದೂ ರಿಟರ್ನ್ ಹಾಕಿದವರು ಅದರ ಪ್ರತಿ ಹಿಡಿದು ಬ್ಯಾಂಕಿನಲ್ಲಿ ಕೇಳಬಹುದು. ವಯಸ್ಸು 40 ದಾಟಿದರೆ ಮಾತ್ರ ಯಾರಿಗೂ ಅವಕಾಶವಿಲ್ಲ.