ಬಿಟ್ಟವನ ಮೊದಲ ವಾರ

2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಷೇಧ ಜಾರಿಗೆ ಬಂತು. ಗೋಕಾಕ ತಾಲ್ಲೂಕಿನ ಮಮದಾಪುರದ ನಮ್ಮ ಮನೆಯಲ್ಲಿ ಆ ಸುದ್ದಿಗೆ ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ನನ್ನ ವೈನಿ. ಅವರ ಗಂಡ, ಅಂದರೆ ನನ್ನ ದೊಡ್ಡಪ್ಪನ ಮಗ, ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಹದಿನೈದು ವರ್ಷಗಳಿಂದ ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಸಾರಾಯಿ ಪಾಕೀಟು ಹರಿಯುವುದು ಅವನ ರೂಢಿ. ಆ ವಾರ ಅವನು ದೇವರ ಜಗಲಿಯ ಮುಂದೆ ಭಂಡಾರ ಮುಟ್ಟಿ, ಇನ್ನು ಕುಡಿಯುವುದಿಲ್ಲವೆಂದು ಆಣೆ ಮಾಡಿದ. ನಾವೆಲ್ಲ ಕೈ ಮುಗಿದೆವು. ಐದನೆಯ ದಿನ ಅವನ ಹೆಣಕ್ಕೆ ಹೆಗಲು ಕೊಟ್ಟೆವು.

ನಡುವಿನ ದಿನಗಳಲ್ಲಿ ಏನಾಗುತ್ತಿದೆ ಎಂಬುದು ನಮಗಾರಿಗೂ ತಿಳಿಯಲಿಲ್ಲ. ಮೊದಲ ದಿನ ಸಂಜೆಯೊಳಗೆ ಕೈ ನಡುಗತೊಡಗಿತು. ಚಹಾ ತುಟಿಗೆ ತಲುಪುವಷ್ಟರಲ್ಲಿ ಅರ್ಧ ಚೆಲ್ಲುತ್ತಿತ್ತು. ಎರಡನೆಯ ರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರು. ಒಮ್ಮೆ ಫಿಟ್ಸ್ ಬಂದು ಹೋಯಿತು. ಕೈಯಲ್ಲಿ ಕಬ್ಬಿಣದ ಕೀಲಿ ಹಿಡಿಸಿ ಸುಮ್ಮನಾದೆವು. ಮೂರನೆಯ ದಿನ ಗೋಡೆಯ ಮೇಲೆ ಇರುವೆಗಳು ಹರಿಯುತ್ತಿವೆ ಎಂದು ಅಂಗೈಯಿಂದ ಒರೆಸಲಾರಂಭಿಸಿದ, ತೀರಿಕೊಂಡ ತಂದೆಯೊಡನೆ ಮಾತನಾಡಿದ. ಹಿರಿಯರು ಗಾಳಿ ಸೋಕಿದೆ ಎಂದರು. ಇನ್ನು ಕೆಲವರು, "ನಾಟಕ ಮಾಡಾಕತ್ತಾನ, ಕೋಣ್ಯಾಗ ಕೂಡಿ ಹಾಕ್ರಿ, ಇಲ್ಲಾಂದ್ರ ಮತ್ತ ಕುಡ್ಯಾಕ ಓಡ್ತಾನ" ಎಂದರು. ಕೂಡಿ ಹಾಕಿದೆವು. ಹೊರಗಿನಿಂದ ಚಿಲಕ ಹಾಕಿದವನು ನಾನೇ. ಮರುದಿನ ನಸುಕಿನಲ್ಲಿ ಬಾಗಿಲು ತೆರೆದಾಗ ಮೈ ಕಾದ ಹಂಚಿನಂತಾಗಿತ್ತು, ಮಾತು ನಿಂತಿತ್ತು. ಜೀಪು ಹುಡುಕಿ ಆಸ್ಪತ್ರೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು.

ದಿನಕರ್ಮದ ನಂತರ ವೈನಿ ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಕುಡೀತಿದ್ದಾಗೂ ಅತ್ತೀನಿ, ಬಿಟ್ಟ ಮ್ಯಾಲೂ ಅಳಾಕತ್ತೀನಿ. ಬಿಡು ಅಂದಿದ್ದ ತಪ್ಪಾತೇನೋ ತಮ್ಮಾ?"

ಕುಡಿತದಿಂದ ಮನುಷ್ಯ ಸಾಯುತ್ತಾನೆಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಬಹುಕಾಲ ವಿಪರೀತವಾಗಿ ಕುಡಿದವನು ಚಿಕಿತ್ಸೆಯಿಲ್ಲದೆ ಒಮ್ಮೆಲೇ ಬಿಟ್ಟರೆ ಅದರಿಂದಲೂ ಸಾಯಬಹುದೆಂಬುದು ಓದಿದವರಲ್ಲಿಯೂ ಅನೇಕರಿಗೆ ತಿಳಿಯದು. ಮದ್ಯವು ಮಿದುಳಿನ ಚಟುವಟಿಕೆಯನ್ನು ಮಂದಗೊಳಿಸುತ್ತದೆ. ನಿತ್ಯ ಕುಡಿಯುವವನ ಮಿದುಳು ಆ ಮಂದತೆಯನ್ನು ಸರಿದೂಗಿಸಲು ಸದಾ ಉದ್ರೇಕದಲ್ಲಿರುವುದನ್ನು ರೂಢಿಸಿಕೊಳ್ಳುತ್ತದೆ. ಮದ್ಯ ಹಠಾತ್ತನೆ ನಿಂತಾಗ ಆ ಉದ್ರೇಕವನ್ನು ತಡೆಯುವ ಬ್ರೇಕು ಇಲ್ಲದಂತಾಗುತ್ತದೆ. ಕೊನೆಯ ಗುಟುಕಿನ ಆರೆಂಟು ತಾಸಿನಲ್ಲಿ ನಡುಕ, ಬೆವರು, ತಳಮಳ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರುವ ಅಪಾಯ. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಲ್ಲಿ ಜ್ವರ, ಭ್ರಮೆ, ಸನ್ನಿ. ಎಲ್ಲರಿಗೂ ಹೀಗಾಗುವುದಿಲ್ಲ, ಹೆಚ್ಚಿನವರು ನಾಲ್ಕಾರು ದಿನ ನರಳಿ ಪಾರಾಗುತ್ತಾರೆ. ಆದರೆ ಬೆಳಿಗ್ಗೆಯೇ ಕುಡಿಯಬೇಕಾಗುವವರು ಮತ್ತು ಹಿಂದೊಮ್ಮೆ ಬಿಟ್ಟಾಗ ಫಿಟ್ಸ್ ಬಂದವರು ಮನೆಯಲ್ಲಿ ತಾವಾಗಿ ಬಿಡುವ ಸಾಹಸಕ್ಕೆ ಹೋಗಬಾರದು.

ಇದಕ್ಕೆ ಮದ್ದಿದೆ, ಅದು ದುಬಾರಿಯೂ ಅಲ್ಲ. ಡಯಜೆಪಾಮ್, ಕ್ಲೋರ್‌ಡಯಜೆಪಾಕ್ಸೈಡ್‌ನಂಥ ಗುಳಿಗೆಗಳನ್ನು ವೈದ್ಯರ ನಿಗಾದಲ್ಲಿ ಕೊಟ್ಟು ದಿನೇ ದಿನೇ ಇಳಿಸುತ್ತಾರೆ. ಕುಡಿತ ಬರಿದು ಮಾಡಿರುವ ಬಿ1 ಜೀವಸತ್ವವನ್ನು ಚುಚ್ಚುಮದ್ದಿನ ಮೂಲಕ ತುಂಬುತ್ತಾರೆ. ಅಣ್ಣನಿಗೆ ಬೇಕಾಗಿದ್ದುದು ಇಷ್ಟೇ.

ಇದನ್ನು ನಾನು ಪುಸ್ತಕ ಓದಿ ಮಾತ್ರ ಹೇಳುತ್ತಿಲ್ಲ. ನಾನೂ ಕುಡಿಯುತ್ತಿದ್ದೆ. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನನ್ನ ಕುಡಿತಕ್ಕೆ ಸೋಡಾ, ಗಾಜಿನ ಲೋಟ, ಸಾಹಿತ್ಯದ ಚರ್ಚೆಗಳ ಮರ್ಯಾದೆಯಿತ್ತು. ಅಣ್ಣನ ಪಾಕೀಟಿಗೆ ಅದಿರಲಿಲ್ಲ. ಅವನು ಸತ್ತ ಮೇಲೂ ನಾಲ್ಕು ವರ್ಷ ಕುಡಿದೆ. 2011ರಲ್ಲಿ ಬಿಡಲು ನಿರ್ಧರಿಸಿದಾಗ ಮೊದಲು ಹೋದದ್ದು ವೈದ್ಯರ ಬಳಿಗೆ. ದಿನಕ್ಕೆಷ್ಟು ಎಂದು ಅವರು ಕೇಳಿದಾಗ, ಹೆಂಡತಿಗೂ ಹೇಳದಿದ್ದ ಲೆಕ್ಕವನ್ನು ಹೇಳಿದೆ. ಹತ್ತು ದಿನ ಆಸ್ಪತ್ರೆಯಲ್ಲಿದ್ದೆ. ಕೈ ನನ್ನದೂ ನಡುಗಿತು, ನಿದ್ರೆ ನನಗೂ ದೂರವಾಯಿತು. ಆದರೆ ನಾಲ್ಕನೆಯ ನಸುಕನ್ನು ನಾನು ಕಂಡೆ. ಅಣ್ಣನ ಸಂಕಲ್ಪ ನನ್ನದಕ್ಕಿಂತ ದುರ್ಬಲವಾಗಿರಲಿಲ್ಲ. ನನಗೊಂದು ಆಸ್ಪತ್ರೆಯ ಹಾಸಿಗೆ ಸಿಕ್ಕಿತು, ಅವನಿಗೆ ಸಿಗಲಿಲ್ಲ.

ನಮ್ಮ ಭಾಗದಲ್ಲಿ ಕುಡಿತ ಬಿಡುವುದೆಂದರೆ ಒಂದು ವ್ರತ. ಭಂಡಾರ ಮುಟ್ಟುತ್ತಾರೆ, ಪಂಢರಪುರದ ವಾರಕರಿಗಳಾಗಿ ತುಳಸಿಮಾಲೆ ಧರಿಸುತ್ತಾರೆ. ಇದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆ ಮಾಲೆಯ ಬಲದಿಂದ ಜೀವನಪೂರ್ತಿ ಕುಡಿಯದೆ ಉಳಿದವರನ್ನು ಕಂಡಿದ್ದೇನೆ. ಆದರೆ ವ್ರತದ ಭಾಷೆಯಲ್ಲಿ ಒಂದು ತೊಡಕಿದೆ. ಅಲ್ಲಿ ನಡುಕವು ದೌರ್ಬಲ್ಯವಾಗಿಯೂ, ಭ್ರಮೆ ದೆವ್ವವಾಗಿಯೂ, ಮತ್ತೊಮ್ಮೆ ಕುಡಿದದ್ದು ವಚನಭ್ರಷ್ಟತೆಯಾಗಿಯೂ ಕಾಣುತ್ತದೆ. ರೋಗಿಯನ್ನು ಅಪರಾಧಿಯಂತೆ ಕೂಡಿ ಹಾಕುವುದು ಅಲ್ಲಿಂದಲೇ ಆರಂಭವಾಗುತ್ತದೆ.

ಸರ್ಕಾರಗಳ ಯೋಚನೆಯೂ ಬಹುಮಟ್ಟಿಗೆ ಇದೇ ಜಾಡಿನದು. ಅಂಗಡಿ ತೆರೆಯುವುದು, ಅಂಗಡಿ ಮುಚ್ಚುವುದು ಎಂಬೆರಡೇ ದಾರಿಗಳು ಅವಕ್ಕೆ ಗೊತ್ತು. 2020ರ ಲಾಕ್‌ಡೌನ್‌ನಲ್ಲಿ ಮಾರ್ಚ್ ಕೊನೆಯಿಂದ ಮೇ 4ರವರೆಗೆ ನಮ್ಮ ರಾಜ್ಯದಲ್ಲಿ ಮದ್ಯದಂಗಡಿಗಳು ಮುಚ್ಚಿದ್ದವು. ಲಕ್ಷಾಂತರ ಮಂದಿ ಯಾವ ಸಿದ್ಧತೆಯೂ ಇಲ್ಲದೆ ಒಂದೇ ದಿನ ಕುಡಿತ ಬಿಡಬೇಕಾಯಿತು. ಆಗ ಕೇರಳ ಸರ್ಕಾರ ವೈದ್ಯರ ಚೀಟಿಯ ಮೇಲೆ ಮದ್ಯ ಒದಗಿಸಲು ಆದೇಶ ಹೊರಡಿಸಿತು. ಬೇಕಾದದ್ದು ಮದ್ಯವಲ್ಲ, ಔಷಧ ಎಂದು ವೈದ್ಯರ ಸಂಘಟನೆಗಳು ಪ್ರತಿಭಟಿಸಿದವು. ಹೈಕೋರ್ಟ್ ಆದೇಶಕ್ಕೆ ತಡೆ ನೀಡಿತು. ವೈದ್ಯರು ಹೇಳಿದ್ದು ಸರಿ. ಆ ಔಷಧ ಕೊಡುವ ಹಾಸಿಗೆ ಹಳ್ಳಿಯ ಸಮೀಪ ಎಲ್ಲಿದೆ ಎಂಬ ಪ್ರಶ್ನೆ ಮಾತ್ರ ಇಲ್ಲಿಯೂ ಅಲ್ಲಿಯೂ ಹಾಗೇ ಉಳಿಯಿತು.

ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳಿವೆ. ಧರ್ಮಸ್ಥಳದ ಜನಜಾಗೃತಿ ವೇದಿಕೆ ಊರೂರುಗಳಲ್ಲಿ ಎಂಟು ದಿನಗಳ ಮದ್ಯವರ್ಜನ ಶಿಬಿರ ನಡೆಸುತ್ತ ಬಂದಿದೆ. ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುವ 'ಮನೋಚೈತನ್ಯ' ಕಾರ್ಯಕ್ರಮವನ್ನು ಸರ್ಕಾರ ರೂಪಿಸಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ, ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಇವೆಲ್ಲ ಬೇಕು. ಆದರೆ ಸನ್ನಿಯು ಮಂಗಳವಾರದವರೆಗೆ ಕಾಯುವುದಿಲ್ಲ, ದೂರವಾಣಿಯಲ್ಲಿ ಇಳಿಯುವುದೂ ಇಲ್ಲ. ಅಬಕಾರಿಯಿಂದ ವರ್ಷಕ್ಕೆ 30,000 ಕೋಟಿ ರೂಪಾಯಿಗೂ ಹೆಚ್ಚು ವರಮಾನ ಪಡೆಯುವ ರಾಜ್ಯ, ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಬಿಡುವವರಿಗೆಂದೇ ನಾಲ್ಕು ಹಾಸಿಗೆ, ತರಬೇತಿ ಪಡೆದ ವೈದ್ಯರು ಮತ್ತು ದಾದಿಯರು, ಸದಾ ದೊರೆಯುವ ಔಷಧ ಇಷ್ಟನ್ನು ಒದಗಿಸಲಾರದೆ?

ಆಸ್ಪತ್ರೆಯ ವಾರ ಮುಗಿದ ಮೇಲಿನ ಹೊಣೆ ನಮ್ಮದು. ನನಗೆ ಅತ್ಯಂತ ಕಠಿಣವಾಗಿದ್ದುದು ದೀಪ ಹಚ್ಚುವ ಹೊತ್ತು. ಅಂಗಡಿಯ ಹಾದಿ ತಪ್ಪಿಸಲು ಊರ ಹೊರಗಿನ ಕಬ್ಬಿನ ಗದ್ದೆಗಳ ಕಡೆಗೆ ನಡೆಯುತ್ತಿದ್ದೆ. ನಿವೃತ್ತ ಪೋಸ್ಟ್‌ಮನ್ ಒಬ್ಬರು ನನ್ನೊಡನೆ ಮೂರು ತಿಂಗಳು ನಡೆದರು. ಬಹಳ ಹಿಂದೆಯೇ ಕುಡಿತ ಬಿಟ್ಟವರು ಅವರು. ಉಪದೇಶ ಮಾಡಲಿಲ್ಲ; "ಇವತ್ತಿಂದು ಇವತ್ತಿಗೆ" ಎನ್ನುತ್ತಿದ್ದರು. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರ ಭೇಟಿಯಿಂದ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ತಿರುಳೂ ಇದೇ ಎಂಬುದು ನನಗೆ ಆಮೇಲೆ ತಿಳಿಯಿತು. ಹಸಿವಾದರೆ, ಸಿಟ್ಟು ಬಂದರೆ, ಒಬ್ಬನೇ ಉಳಿದರೆ ಆಸೆ ಕೆರಳುತ್ತಿತ್ತು. ಕಿಸೆಯಲ್ಲಿ ಬೆಲ್ಲದ ಚೂರು ಇಟ್ಟುಕೊಳ್ಳುತ್ತಿದ್ದೆ. ಐದನೆಯ ತಿಂಗಳು ಒಂದು ಮದುವೆಯಲ್ಲಿ ಜಾರಿದೆ. ಹೆಂಡತಿ ಬಯ್ಯಲಿಲ್ಲ, ಮರುದಿನ ನನ್ನೊಡನೆ ವೈದ್ಯರ ಬಳಿಗೆ ಬಂದಳು. ಅಂದು ಅವಳು ಬಯ್ದಿದ್ದರೆ ಇದನ್ನು ಬರೆಯಲು ನಾನು ಉಳಿದಿರುತ್ತಿದ್ದೆನೆಂದು ಹೇಳಲಾರೆ.

ವೈನಿಯ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಇಂದು ಹೇಳಬಲ್ಲೆ: ಬಿಡು ಎಂದದ್ದು ತಪ್ಪಲ್ಲ ವೈನಿ. ಬಿಟ್ಟವನನ್ನು ಒಬ್ಬನೇ ಬಿಟ್ಟದ್ದು ತಪ್ಪು, ಮತ್ತು ಆ ತಪ್ಪು ನಿಮ್ಮದಲ್ಲ. ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಯಾರಾದರೂ ನಾಳೆಯಿಂದ ಕುಡಿಯುವುದಿಲ್ಲ ಎಂದರೆ, ಓದುಗರೇ, ಆಣೆ ಮಾಡಿಸುವ ಮೊದಲು ಅವರನ್ನು ಆಸ್ಪತ್ರೆಗೆ ಕರೆದೊಯ್ಯಿರಿ. ಚಿಲಕ ಹಾಕಬೇಡಿ.