ತಿರುಪತಿಗೆ ಹೋದ ರಾಕೆಟ್ಟು

ಹೊಟ್ಟೆಗೆ ಹಿಟ್ಟಿಲ್ಲದವರಿಗೆ ರಾಕೆಟ್ಟು ಯಾಕೆ ಎಂದು ಕೇಳುವ ಗೆಳೆಯರು ನಮ್ಮ ಸಂಘಟನೆಗಳಲ್ಲೇ ಇದ್ದಾರೆ. ಅವರ ಸಿಟ್ಟು ನ್ಯಾಯವಾದದ್ದು, ಪ್ರಶ್ನೆ ಮಾತ್ರ ತಪ್ಪು. ಅನ್ನ ಬೇಕು, ಭೂಮಿ ಬೇಕು ಅಂದ ನಾವು ಆಕಾಶ ಬೇಡ ಅಂದದ್ದು ಯಾವಾಗ? ಪಂಚಾಂಗವನ್ನು ಕಂಕುಳಲ್ಲಿ ಇಟ್ಟುಕೊಂಡವರು ನಮ್ಮ ತಲೆ ಮೇಲಿನ ನಕ್ಷತ್ರಗಳನ್ನೂ ತಮ್ಮ ಹೆಸರಿಗೆ ಖಾತೆ ಮಾಡಿಸಿಕೊಂಡು, ನಮ್ಮ ಹುಟ್ಟಿಗೂ ಮದುವೆಗೂ ಸಾವಿಗೂ ಅದರ ಕಂದಾಯ ವಸೂಲಿ ಮಾಡುತ್ತಾ ಬಂದಿದ್ದಾರೆ. ಆ ಖಾತೆಯನ್ನು ಅವರಿಗೇ ಬಿಟ್ಟು ಬರೀ ನೆಲ ಕೇಳೋಣವೇ?

2023ರ ಜುಲೈ 14ರ ಮಧ್ಯಾಹ್ನ 2.35ಕ್ಕೆ ಶ್ರೀಹರಿಕೋಟಾದಿಂದ ಚಂದ್ರಯಾನ-3 ಮೇಲೆದ್ದಿತು. ಅದಕ್ಕೆ ಹಿಂದಿನ ದಿನ ಅದರ ಪುಟ್ಟ ಮಾದರಿಯನ್ನು ಹಿಡಿದುಕೊಂಡು ವಿಜ್ಞಾನಿಗಳ ತಂಡ ತಿರುಮಲೆಗೆ ಹೋಗಿ ಬಂದಿತ್ತು. ಪತ್ರಿಕೆಗಳೆಲ್ಲ ಪಟ ಹಾಕಿದವು. ಅವರವರ ನಂಬಿಕೆ, ನಿಮಗೇನು ಕಷ್ಟ ಅಂತಾರೆ. ವಿಜ್ಞಾನಿಯೊಬ್ಬ ತನ್ನ ಮನೆಯಲ್ಲಿ ಕೈ ಮುಗಿದರೆ ನಮಗೆ ಕಷ್ಟವಿಲ್ಲ. ಜನರ ತೆರಿಗೆಯಲ್ಲಿ ಕಟ್ಟಿದ ರಾಕೆಟ್ಟಿನ ಮಾದರಿ ದೇವರ ಮುಂದೆ ಹೋದರೆ ಅದು ಒಬ್ಬನ ನಂಬಿಕೆಯಾಗಿ ಉಳಿಯೋದಿಲ್ಲ. ವೈಜ್ಞಾನಿಕ ಮನೋಭಾವ ಬೆಳೆಸುವುದು ನಾಗರಿಕರ ಕರ್ತವ್ಯ ಎಂದು 1976ರಲ್ಲಿ ಸಂವಿಧಾನಕ್ಕೆ ಸೇರಿಸಿಕೊಂಡ ದೇಶ ಇದು. ಗ್ರಹಣ ಅಂದ್ರೆ ಬರೀ ನೆರಳು ಕಣ್ರೋ ಎಂದು ಹಳ್ಳಿಯಲ್ಲಿ ಪಾಠ ಹೇಳುವ ಮೇಷ್ಟ್ರ ಬೆನ್ನಿಗೆ ಯಾರು ನಿಲ್ಲಬೇಕಿತ್ತೋ ಅವರೇ ಮೊದಲು ಬೆಟ್ಟ ಹತ್ತಿದರು. ಮುಂದಿನದು ಗೊತ್ತೇ ಇದೆ. ಆಗಸ್ಟ್ 23ಕ್ಕೆ ನೌಕೆ ಚಂದ್ರನ ಮೇಲೆ ಇಳಿಯಿತು, 26ಕ್ಕೆ ಇಳಿದ ಜಾಗಕ್ಕೆ ಪ್ರಧಾನಿಗಳು 'ಶಿವಶಕ್ತಿ' ಎಂದು ಹೆಸರಿಟ್ಟರು. ಚಂದ್ರನಲ್ಲೂ ಅಗ್ರಹಾರಕ್ಕೆ ನಿವೇಶನ ಸಿಕ್ಕಿತು.

ಇನ್ನೊಂದು ಪಟವಿದೆ. 1981ರಲ್ಲಿ 'ಆಪಲ್' ಉಪಗ್ರಹವನ್ನು ಬೆಂಗಳೂರಿನಲ್ಲಿ ಎತ್ತಿನ ಗಾಡಿಯ ಮೇಲೆ ಇಟ್ಟು ತೆಗೆದದ್ದು. ಆಂಟೆನಾ ಪರೀಕ್ಷೆಗೆ ಲೋಹದ ವಾಹನ ಅಡ್ಡಿಯಾಗುತ್ತದೆಂದು ಮರದ ಗಾಡಿ ತರಿಸಿದ್ದರು. ಎತ್ತಿನ ಗಾಡಿಯಿಂದ ಚಂದ್ರನವರೆಗೆ ಎಂದು ಭಾಷಣ ಬಿಗಿಯುವವರೆಲ್ಲ ಈ ಪಟ ತೋರಿಸ್ತಾರೆ. ಗಾಡಿ ಹೊಡೆದವನ ಹೆಸರನ್ನು ಮಾತ್ರ ನಾವು ಯಾವ ಪಟದ ಕೆಳಗೂ ಓದಿಲ್ಲ.

ಶ್ರೀಹರಿಕೋಟಾಕ್ಕೂ ಒಂದು ಪಟ ಬೇಕಿತ್ತು, 1969ಕ್ಕೆ ಹಿಂದಿನದು. ಪುಲಿಕಾಟ್ ಸರೋವರದ ಪಕ್ಕದ ಆ ದ್ವೀಪ ಯಾನಾದಿ ಬುಡಕಟ್ಟಿನವರ ನೆಲೆ. ರಾಕೆಟ್ ಕೇಂದ್ರಕ್ಕೆಂದು ಅವರನ್ನು ಎತ್ತಂಗಡಿ ಮಾಡಿದರು. 2019ರಲ್ಲಿ ಅಲ್ಲೇ ಸುಮಾರು 5000 ಜನ ಕೂತು ಉಡಾವಣೆ ನೋಡುವ ಗ್ಯಾಲರಿ ತೆರೆದರು. ಹೆಸರು ನೋಂದಾಯಿಸಬೇಕು, ಗುರುತಿನ ಚೀಟಿ ತೋರಿಸಬೇಕು. ಆ ದ್ವೀಪದ ಮೂಲ ಗುರುತೇ ಅಳಿಸಿದ ಮೇಲೆ ಗುರುತಿನ ಚೀಟಿ! ದೂರ ಯಾಕೆ, ನಮ್ಮ ಚಳ್ಳಕೆರೆಯ ಅಮೃತ್ ಮಹಲ್ ಕಾವಲು ನೋಡಿ. ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಅಂತ ಸುಮಾರು 10 ಸಾವಿರ ಎಕರೆ ಹಂಚಿ ಗೋಡೆ ಎಬ್ಬಿಸಿದರು. ಕುರಿ ಮೇಯಿಸುವವರು, ಕಂಬಳಿ ನೇಯುವವರು ಗೋಡೆಯ ಈಚೆ ಉಳಿದರು. ರಾಕೆಟ್ ಬೇಡ ಅಂತ ಅವರು ಹೇಳಲಿಲ್ಲ, ಹುಲ್ಲು ಎಲ್ಲಿ ಅಂದರು ಅಷ್ಟೆ.

ಗ್ಯಾಲರಿಗೆ ಹೋಗೋ ಬಸ್ ಚಾರ್ಜು ಇಲ್ಲದವರಿಗೂ ಒಂದು ದಾರಿ ಇದೆ. ಹಳ್ಳಿ ಮೇಷ್ಟ್ರುಗಳಿಗೆ ಇದನ್ನೇ ಹೇಳಬೇಕೆಂದು ಇಷ್ಟು ಬರೆದದ್ದು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ, ಗಂಟೆಗೆ 28 ಸಾವಿರ ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿದೆ. 2025ರಲ್ಲಿ ಶುಭಾಂಶು ಶುಕ್ಲಾ 18 ದಿನ ಇದ್ದದ್ದು ಅದರೊಳಗೇ. ಮುಸ್ಸಂಜೆ ಕಳೆದ ಮೇಲೆ ಅಥವಾ ನಸುಕಿನಲ್ಲಿ, ನಮ್ಮ ನೆಲ ಕತ್ತಲಾಗಿದ್ದು ಅಲ್ಲಿ ಮೇಲೆ ಇನ್ನೂ ಬಿಸಿಲಿರುವಾಗ, ಅದು ನಮ್ಮ ಮೇಲೆ ಹಾದರೆ ಬರಿಗಣ್ಣಿಗೇ ಕಾಣುತ್ತದೆ. ವಿಮಾನದ ಹಾಗೆ ಮಿಣಕೋದಿಲ್ಲ. ಒಂದೇ ಸಮ ಬೆಳಗುತ್ತಾ ಪಶ್ಚಿಮದ ಕಡೆಯಿಂದ ಪೂರ್ವದ ಕಡೆಗೆ ಕೆಲವೇ ನಿಮಿಷದಲ್ಲಿ ದಾಟುತ್ತದೆ. ಯಾವ ಊರಿನ ಮೇಲೆ ಎಷ್ಟು ಹೊತ್ತಿಗೆ ಬರುತ್ತದೆಂದು ನಾಸಾದವರು ಮೊದಲೇ ಪುಕ್ಕಟೆ ತಿಳಿಸುತ್ತಾರೆ. ದಕ್ಷಿಣೆ ಕೇಳದ ಪಂಚಾಂಗ ಇದು.

ಪಟ ತೆಗೆಯಲು ದುಬಾರಿ ಕ್ಯಾಮೆರಾ ಬೇಕಿಲ್ಲ. ಫೋನನ್ನು ಕಲ್ಲಿಗೆ ಆನಿಸಿ ಅಲುಗದಂತೆ ಇಟ್ಟು, ಹತ್ತು ಹದಿನೈದು ಸೆಕೆಂಡು ಬೆಳಕು ಒಳಗೆ ಬರುವ ಹಾಗೆ ಮಾಡಿದರೆ ಆಕಾಶದಲ್ಲಿ ಒಂದು ಬಿಳಿ ಗೆರೆ ಮೂಡುತ್ತದೆ. ಮಕ್ಕಳನ್ನು ಕರೆಯಿರಿ. ಜಾಗ ದೇವಸ್ಥಾನದ ಕಟ್ಟೆ ಬೇಡ, ಅಲ್ಲಿಗೆ ಹತ್ತಲಾರದವರು ಇನ್ನೂ ಎಷ್ಟೋ ಊರಲ್ಲಿದ್ದಾರೆ. ಶಾಲೆ ಬಯಲಿರಲಿ, ಕೆರೆ ಏರಿ ಇರಲಿ. ಊರಿನವರು ಮುಂದೆ, ಕೇರಿಯವರು ಹಿಂದೆ ಅಂತ ನಿಲ್ಲೋದಕ್ಕೆ ಬಿಡಬೇಡಿ. ಫೋನನ್ನು ಮೊದಲು ಕೇರಿಯ ಹುಡುಗಿಯ ಕೈಗೆ ಕೊಡಿ, ಗಂಡುಹುಡುಗರು ಕಾಯಲಿ. ಕೆಲವು ಸಲ ಆ ಬೆಳಕು ನಡುಬಾನಿನಲ್ಲೇ ತಟ್ಟನೆ ಆರಿಹೋಗುತ್ತದೆ. ಆಗ ಅಜ್ಜಿಯೊಬ್ಬಳು ರಾಹು ನುಂಗಿತೇನೋ ಮಗಾ ಅಂದರೆ ನಗಬೇಡಿ. ಅದು ಭೂಮಿಯ ನೆರಳು ಹೊಕ್ಕಿತು ಕಣವ್ವಾ, ಆ ನೆರಳಲ್ಲಿ ನಾವೂ ಇದ್ದೀವಿ ಎಂದು ಕೂರಿಸಿ ಹೇಳಿ. ಎಲ್ಲರನ್ನೂ ಒಂದೇ ಕಡೆ ಯಾಕೆ ನಿಲ್ಲಿಸಿದಿರಿ ಅಂತ ಊರಲ್ಲಿ ಯಾರಾದರೂ ತಗಾದೆ ತೆಗೆದರೆ ನಮಗೆ ಬರೆಯಿರಿ, ನಾವು ಬರುತ್ತೇವೆ.